ಕಾಕಾನ ಜೊತೆ ಐದು ದಿನ: ಕಲಬುರಗಿ, ಬೀದರ್, ಸುರಪುರ

ನಮ್ಮ ಕಾಕಾ ರಾಯಭಾರಿ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಊರಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಅವರು ನಮ್ಮ ದೇಶದ ರಾಯಭಾರ ಕಚೇರಿಗಳ ವಾಣಿಜ್ಯ ವಿಭಾಗದಲ್ಲಿ ದುಡಿದವರು. ಮೊದಲು ಬರ್ಮಾದ ಯಾಂಗೋನ್, ಆಮೇಲೆ ಟಾಂಜಾನಿಯಾದ ದಾರ್ ಎಸ್ ಸಲಾಂ, ಕೊನೆಗೆ ಮೊಜಾಂಬಿಕ್‌ನ ರಾಜಧಾನಿ ಮಪುಟೊ. ಇದ್ದ ದೇಶದಲ್ಲಿ ಏನು ಬೆಳೆಯುತ್ತಾರೆ, ಎಷ್ಟು ಬೆಳೆಯುತ್ತಾರೆ, ಯಾರು ಕೊಳ್ಳುತ್ತಾರೆ, ಅಲ್ಲಿನ ಸರ್ಕಾರ ನಾಳೆ ಯಾವ ಕಡೆ ವಾಲಬಹುದು, ಇದನ್ನೆಲ್ಲ ವಿಚಾರಿಸಿ ದೆಹಲಿಗೆ ಬರೆಯುವುದು ಅವರ ಕೆಲಸವಾಗಿತ್ತು.

ಅಪ್ಪ ಮತ್ತು ಕಾಕಾನ ನಡುವೆ ಒಂದು ಮಾತು ಮುಳ್ಳಿನ ಹಾಗೆ ಉಳಿದಿತ್ತು. 2016ರ ಜುಲೈಯಲ್ಲಿ ನಮ್ಮ ಪ್ರಧಾನಿ ಮಪುಟೊಗೆ ಹೋದಾಗ ಮೊಜಾಂಬಿಕ್‌ನಿಂದ ತೊಗರಿ ಕೊಳ್ಳುವ ಒಪ್ಪಂದ ಆಯಿತು. ಮೊದಲ ವರ್ಷ 1 ಲಕ್ಷ ಟನ್, ಏರುತ್ತಾ ಹೋಗಿ 2020-21ಕ್ಕೆ 2 ಲಕ್ಷ ಟನ್. ಅದಕ್ಕೆ ಬೇಕಾದ ಅಂಕಿ ಕೂಡಿಸಿದವರಲ್ಲಿ ಕಾಕಾ ಒಬ್ಬರು. ಆರು ತಿಂಗಳಿಗೆ ನಮ್ಮ ಹೊಲದಲ್ಲಿ ರಾಶಿ ಆಯಿತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ಇತ್ತು. ಅಪ್ಪ ಒಂದು ಖರೀದಿ ಕೇಂದ್ರದ ಮುಂದೆ ಆರು ದಿನ ಚೀಲ ಕಾದರು. ಗೋಣಿಚೀಲ ಇಲ್ಲ, ನಾಳೆ ಬನ್ನಿ ಅಂದರು. ಏಳನೇ ದಿನ 4,200ಕ್ಕೆ ಒಬ್ಬ ವ್ಯಾಪಾರಿಗೆ ಹಾಕಿ ಮನೆಗೆ ಬಂದರು. ಆ ರಾತ್ರಿ ಮಪುಟೊಗೆ ಫೋನ್ ಹಚ್ಚಿ ಒಂದೇ ಮಾತು ಹೇಳಿದರು: "ತಮ್ಮಾ, ನೀ ಅಲ್ಲಿ ಕುಂತು ಸಹಿ ಹಾಕ್ಸಿದಿ, ಇಲ್ಲಿ ನಮ್ಮ ರಾಶಿ ಮಣ್ಣಾತು."

ಅದಾದ ಮೇಲೆ ಇಬ್ಬರೂ ಮಾತಾಡಿಲ್ಲ ಅಂತಲ್ಲ. ಮದುವೆ, ಮುಂಜಿ, ಹಬ್ಬ ಎಲ್ಲದರಲ್ಲೂ ಮಾತಾಡಿದ್ದಾರೆ. ತೊಗರಿ ವಿಷಯ ಮಾತ್ರ ಎತ್ತಿಲ್ಲ. ತೊಗರಿ ವಿಷಯ ಎತ್ತದೆ ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಏನು ಮಾತಾಡಿದರೂ ಅದು ಅರ್ಧ ಮಾತೇ.

ನಿವೃತ್ತಿ ಆದ ಮೇಲೆ ಈ ಜನವರಿಯಲ್ಲಿ ಕಾಕಾ ಐದು ದಿನಕ್ಕೆ ಬಂದರು. ಮೊದಲು ಊರಿಗೆ ಬರುವುದಿಲ್ಲ, ಕಲಬುರಗಿಯ ಗಂಜ್ (ಕಾಳುಕಡಿ ಮಾರುಕಟ್ಟೆ) ನೋಡಬೇಕು, ಬೀದರ್ ನೋಡಬೇಕು, ಸುರಪುರ ನೋಡಬೇಕು, ಕೊನೆಗೆ ಹೊಲಕ್ಕೆ ಬರುತ್ತೇನೆ ಅಂದರು. ಅಪ್ಪನಿಗೆ ರಾಶಿ ಕೆಲಸ. ಹಾಗಾಗಿ ಕಾಕಾನ ಜೊತೆ ಹೊರಟಿದ್ದು ನಾನು.

ಮೊದಲ ದಿನ, ಕಲಬುರಗಿ

ಬೆಳಗಿನ ರೈಲಿಗೆ ಇಳಿದರು. ಸ್ಟೇಷನ್ ಹೊರಗೇ ಸುಸಲಾ, ಮಿರ್ಚಿ ತಿಂದೆವು. ಎಳ್ಳಮಾವಾಸ್ಯೆ ಮುಗಿದಿತ್ತು, ಆದರೂ ಚಳಿ ಹಾಗೇ ಇತ್ತು. ಚಹಾ ಕುಡಿದು ಸೀದಾ ಗಂಜ್‌ಗೆ ನಡೆದೆವು.

ರಾಶಿ ದಿನಗಳಲ್ಲಿ ಕಲಬುರಗಿ ಗಂಜ್ ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಅಡತಿ (ದಲ್ಲಾಳಿ) ಅಂಗಡಿಗಳ ಮುಂದೆ ಸಾಲಾಗಿ ಕೆಂಪು, ಬಿಳಿ ತೊಗರಿಯ ಗುಡ್ಡೆಗಳು. ಹಮಾಲರು ತಲೆಗೆ ಗೋಣಿ ಮಡಚಿ ಹಾಕಿಕೊಂಡು ಓಡುತ್ತಿರುತ್ತಾರೆ, ಕಾಳು ಗಾಳಿಗೆ ತೂರುವ ಧೂಳಿಗೆ ಗಂಟಲು ಕೆರೆಯುತ್ತದೆ. ಮೊದಲು ಗುಡ್ಡೆ ಮುಂದೆ ನಿಂತು ಕೂಗಿ ಸವಾಲ್ ಮಾಡುತ್ತಿದ್ದರು. ಈಗ ಪ್ರತಿ ಗುಡ್ಡೆಗೂ ಒಂದು ನಂಬರ್ ಕೊಡುತ್ತಾರೆ. ವ್ಯಾಪಾರಿಗಳು ಕಂಪ್ಯೂಟರಿನಲ್ಲಿ ಟೆಂಡರ್ ಹಾಕುತ್ತಾರೆ. ರೈತ ಮಾತ್ರ ಮೊದಲಿನ ಹಾಗೇ ತನ್ನ ಗುಡ್ಡೆ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಾನೆ.

ಕಾಕಾ ಒಂದು ಹಿಡಿ ಕಾಳು ತೆಗೆದುಕೊಂಡರು. ಒಂದು ಕಾಳು ಹಲ್ಲಿನಲ್ಲಿ ಕಚ್ಚಿದರು, ಟಕ್ ಅಂತು. ಒಣಗಿದೆ ಅಂದರು. ಅಂಗಡಿಯ ಹಿರಿಯರು ಇವರನ್ನೇ ನೋಡುತ್ತಿದ್ದರು.

"ಖರೀದಿಗೆ ಬಂದೀರೇನ್ರಿ ಸಾಹೇಬ್ರ?"

"ಇಲ್ರಿ, ನೋಡ್ಲಾಕ ಬಂದೀನಿ. ನಾನೂ ಸೇಡಂ ಕಡೆಯವನೇ."

ಅವರು ಕೂರಲು ಕುರ್ಚಿ ಕೊಟ್ಟರು. ಅಲ್ಲೇ ಒಬ್ಬ ದಾಲ್ ಮಿಲ್ ಮಾಲೀಕರೂ ಇದ್ದರು. ಮಾತು ಹೊರದೇಶದ ಮಾಲಿಗೆ ತಿರುಗಿತು. ಆಗ ನನಗೆ ಗೊತ್ತೇ ಇಲ್ಲದ ಒಂದು ಭಾಷೆ ಕಿವಿಗೆ ಬಿತ್ತು. ಗಜರಿ, ಅರುಷಾ, ಮತ್ವಾರಾ, ಲೆಮನ್. ಎಲ್ಲವೂ ತೊಗರಿಯ ಹೆಸರು. ಮೊಜಾಂಬಿಕ್‌ನಿಂದ ಬಂದದ್ದು ಗಜರಿ. ಅರುಷಾ, ಮತ್ವಾರಾ ಎರಡೂ ಟಾಂಜಾನಿಯಾದವು. ಬರ್ಮಾದಿಂದ ಬಂದದ್ದು ಲೆಮನ್. ಮಿಲ್‌ನವರು ಅರುಷಾ ಅಂದ ಕೂಡಲೇ ಕಾಕಾನ ಮುಖ ಅರಳಿತು. ಅರುಷಾ ಒಂದು ಊರ್ರೀ, ಕಿಲಿಮಂಜಾರೋ ಗುಡ್ಡದ ಕಡೆ ಅದ, ಅಲ್ಲಿ ಹೋಗಿ ಬಂದೀನಿ ಅಂದರು. ಮಿಲ್‌ನವರು ಇಷ್ಟು ವರ್ಷ ಅದು ಬೀಜದ ತಳಿಯ ಹೆಸರು ಅಂದುಕೊಂಡಿದ್ದರಂತೆ.

ನನ್ನ ತಲೆಯಲ್ಲಿ ಅಪ್ಪನ ಮಾತು ಓಡುತ್ತಿತ್ತು. ಹೊರಗಿಂದ ತೊಗರಿ ಬಂದರೆ ನಮ್ಮ ಬೆಲೆ ಬೀಳುವುದಿಲ್ಲವಾ ಅಂತ ಕೇಳಿಯೇಬಿಟ್ಟೆ. ಮಿಲ್‌ನವರು ಹೇಳಿದ್ದು ಹೀಗೆ: "ನೋಡವ್ವ, ನಮ್ಮ ಮಷೀನು ನಾಲ್ಕೈದು ತಿಂಗಳು ಊರ ತೊಗರಿ ತಿಂತಾವ. ಆಮ್ಯಾಲ ಹಸಿವಿ ಅಂತಾವ. ಮಷೀನ್ ಬಂದ್ ಇಟ್ರ ಹಮಾಲರಿಗಿ ಪಗಾರ ಯಾರು ಕೊಡ್ತಾರ?" ಅಡತಿ ಹಿರಿಯರು ತಲೆ ಅಲ್ಲಾಡಿಸಿದರು. "ಬರಲಿ, ಆದ್ರ ನಮ್ಮ ರಾಶಿ ಟೈಮಿನಾಗ ಬರಬಾರದು. ಅಷ್ಟೇ."

ಕಾಕಾ ತಮ್ಮ ಪುಟ್ಟ ಡೈರಿ ತೆಗೆದು ಈ ಎರಡೂ ಮಾತು ಬರೆದುಕೊಂಡರು. ನಿವೃತ್ತಿ ಆದರೂ ಆ ಅಭ್ಯಾಸ ಹೋಗಿಲ್ಲ. ಗಂಜ್ ದಾಟಿ ಬರುವಾಗ ಹೇಳಿದರು: "ಮಪುಟೊದಲ್ಲಿ ಕೂತು ನಾನು ಬರೆದಿದ್ದೆಲ್ಲ ಟನ್ನಿನ ಲೆಕ್ಕ. ಯಾವ ತಿಂಗಳು ಹಡಗು ಮುಟ್ಟಬೇಕು ಅನ್ನೋದನ್ನ ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ."

2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು ಸಿಕ್ಕಾಗ ಅವರು ವಿದೇಶದಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದರಂತೆ. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಸಂಜೆ ಕೋಟೆಗೆ ಹೋದೆವು. 1367ರ ಜಾಮಿ ಮಸೀದಿ, ಅಂಗಳವೇ ಇಲ್ಲದೆ ಇಡೀ ಮಸೀದಿಗೆ ಗುಮ್ಮಟಗಳ ಮುಚ್ಚಿಗೆ. ಒಳಗೆ ಕಮಾನುಗಳ ಸಾಲು ನೋಡುತ್ತಾ ಸುಮ್ನೆ ಕೂತೆವು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಇದೇ ಊರು ರಾಜಧಾನಿ. ನಮ್ಮೂರಿನಲ್ಲೂ ಒಂದು ಕಾಲಕ್ಕೆ ಪರದೇಶದ ದೂತರು ಬಂದು ಇಳಿಯುತ್ತಿದ್ದರು ಅಂತ ಯೋಚಿಸಿದರೆ ಏನೋ ಖುಷಿ.

ಎರಡನೇ ದಿನ, ಬೀದರ್

ಕಲಬುರಗಿ-ಬೀದರ್ ರೈಲು ಮಾರ್ಗ 2017ರಲ್ಲಿ ಪೂರ್ತಿ ಆಯಿತು. ಕಮಲಾಪುರದ ಕೆಂಪು ಬಾಳೆ, ಮರಗುತ್ತಿ ಸುರಂಗ, ಹುಮನಾಬಾದ್ ದಾಟಿ ಬೀದರ್. ದಾರಿಯುದ್ದಕ್ಕೂ ಕಾಕಾ ಮಾತಾಡಿದ್ದು ಒಬ್ಬನ ಬಗ್ಗೆಯೇ. ಮಹಮೂದ್ ಗವಾನ್.

ಗವಾನ್ ಪರ್ಷಿಯಾದ ಗಿಲಾನ್ ಸೀಮೆಯವನು. ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಇಳಿದು 1453ರ ಸುಮಾರಿಗೆ ಬೀದರ್‌ಗೆ ಬಂದ. ಮುಂದೆ ಬಹಮನಿ ರಾಜ್ಯದ ಪ್ರಧಾನಿಯೇ ಆದ. ಅವನು ಬರೆದ ಪತ್ರಗಳ ಸಂಗ್ರಹಕ್ಕೆ ರಿಯಾಜ್-ಉಲ್-ಇನ್ಶಾ ಅಂತ ಹೆಸರು. ಅದರಲ್ಲಿ ಒಟ್ಟೊಮನ್ ಸುಲ್ತಾನ ಎರಡನೇ ಮೆಹಮದ್‌ಗೆ ಬರೆದ ಪತ್ರ ಇದೆ, ಗಿಲಾನಿನ ದೊರೆಗೆ ಬರೆದದ್ದಿದೆ, ಹೆರಾತಿನ ಕವಿ ಜಾಮಿಗೆ ಬರೆದದ್ದಿದೆ. ಬೀದರಿನಲ್ಲಿ ಕೂತು ಇಸ್ತಾಂಬುಲ್‌ಗೆ ಪತ್ರ! ಕುದುರೆ, ಹಡಗು, ಕುದುರೆ ಅಂತ ಆ ಪತ್ರ ಎಷ್ಟು ತಿಂಗಳು ನಡೆದಿರಬೇಕು, ನೀವೇ ಯೋಚಿಸಿ.

ಗವಾನ್ ಕಟ್ಟಿಸಿದ ಮದರಸಾ ಮುಂದೆ ನಿಂತಾಗ ಬಿಸಿಲು ನೀಲಿ ಹೆಂಚುಗಳ ಮೇಲೆ ಬಿದ್ದಿತ್ತು. 1472ರಲ್ಲಿ ಕಟ್ಟಿದ್ದು, ಮೂರು ಅಂತಸ್ತು. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಇಟ್ಟಿದ್ದ ಮದ್ದು ಸಿಡಿದು ಒಂದು ಭಾಗ ಹಾರಿಹೋಯಿತು. ಉಳಿದ ಗೋಡೆಯ ಮೇಲೆ ಹೆಂಚಿನ ಅಕ್ಷರಗಳು ಇವತ್ತಿಗೂ ಹೊಳೆಯುತ್ತವೆ. ಇಲ್ಲಿ ಓದಿಸಲು, ಪಾಠ ಹೇಳಿಸಲು ಅವನು ದೂರದೂರದಿಂದ ವಿದ್ವಾಂಸರನ್ನು ಕರೆದ. ಗ್ರಂಥಾಲಯದಲ್ಲಿ 3,000 ಪುಸ್ತಕ ಇದ್ದವಂತೆ.

ಕಾಕಾ ಮೆಟ್ಟಿಲ ಮೇಲೆ ಕೂತು ಒಂದು ಮಾತು ಹೇಳಿದರು. ಅವತ್ತಿನ ತೊಗರಿ ಅಂದರೆ ಕುದುರೆ. ದಖ್ಖನ್‌ನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ. ಅರಬ್ ದೇಶ, ಪರ್ಷಿಯಾದಿಂದ ಹೋರ್ಮುಜ್ ಮೂಲಕ ಸಮುದ್ರ ದಾಟಿ ಬರಬೇಕು. ಬಹಮನಿಗಳಿಗೂ ಬೇಕು, ವಿಜಯನಗರಕ್ಕೂ ಬೇಕು. ಯಾರ ಕೈಯಲ್ಲಿ ಬಂದರು ಇದೆಯೋ ಅವರ ಕೈ ಮೇಲು. 1472ರಲ್ಲಿ ಗವಾನ್ ಗೋವಾ ಗೆದ್ದಿದ್ದನ್ನು ಈ ಲೆಕ್ಕದಲ್ಲಿ ನೋಡಿದರೆ ಬೇಗ ಅರ್ಥ ಆಗುತ್ತದೆ. ಅದೂ ವ್ಯಾಪಾರದ ಲೆಕ್ಕವೇ, ಕತ್ತಿಯಿಂದ ಮಾಡಿದ್ದು.

ಆಮೇಲೆ ಗವಾನ್ ಸತ್ತ ಕಥೆ. ನಾನು ಶಾಲೆಯಲ್ಲಿ ಒಂದು ಸಾಲು ಓದಿದ್ದೆ, ಅಷ್ಟೇ. ಹಳೆಯ ಇತಿಹಾಸಕಾರ ಫೆರಿಷ್ತಾ ಬರೆದಿರುವುದು ಹೀಗೆ. ಗವಾನನ ಏಳಿಗೆ ಸಹಿಸದವರು ಅವನ ಮೊಹರು ಇಟ್ಟುಕೊಂಡಿದ್ದ ಗುಲಾಮನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ, ನಮ್ಮ ಮೇಲೆ ದಂಡೆತ್ತಿ ಬಾ ಅಂತ ಪತ್ರ ಬರೆದರು. ಪತ್ರ ಸುಲ್ತಾನ ಮೂರನೇ ಮುಹಮ್ಮದ್‌ನ ಕೈಗೆ ಸೇರಿತು. ಗವಾನ್ ಬಂದು ನೋಡಿ, ಮೊಹರು ನನ್ನದೇ, ಪತ್ರ ನನ್ನದಲ್ಲ ಅಂದ. ಸುಲ್ತಾನ ಕುಡಿದಿದ್ದ. ವಿಚಾರಣೆ ಇಲ್ಲ. 1481ರ ಏಪ್ರಿಲ್ 5ರಂದು ತಲೆ ಹೋಯಿತು. ಅಪಾರ ಸಂಪತ್ತು ಸಿಗುತ್ತದೆ ಅಂತ ಖಜಾನೆ ಹುಡುಕಿದರೆ ಏನೂ ಇರಲಿಲ್ಲ. ಬಂದದ್ದನ್ನೆಲ್ಲ ಹಂಚಿ, ತನ್ನ ಊಟದ ಖರ್ಚನ್ನು ಮಾತ್ರ ಹಳೆಯ ವ್ಯಾಪಾರದ ಬಂಡವಾಳದ ಲಾಭದಲ್ಲಿ ನಡೆಸುತ್ತಿದ್ದನಂತೆ. ಮರುವರ್ಷ ಸುಲ್ತಾನನೂ ಸತ್ತ. ರಾಜ್ಯ ಮುಂದೆ ಐದು ಹೋಳಾಯಿತು.

"ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಮೇಲಿನವರು ಒಂದೇ ಪಾಠ ಹೇಳಿದ್ದರು," ಅಂದರು ಕಾಕಾ. "ಖಾಲಿ ಕಾಗದದ ಮೇಲೆ ಮೊಹರು ಬೀಳಬಾರದು. ಬೀಗದ ಕೈ ಯಾರ ಹತ್ತಿರ, ಯಾವಾಗ ತೆಗೆದರು, ರಿಜಿಸ್ಟರ್‌ನಲ್ಲಿ ಬರೀಬೇಕು. ಇದೆಲ್ಲ ಯಾಕಪ್ಪ ಅಂತ ಬೇಸರ ಆಗ್ತಿತ್ತು. ಗವಾನನ ಕಥೆ ಓದಿದ ಮೇಲೆ ಬೇಸರ ಹೋಯಿತು." ಹೇಳುತ್ತಾ ಅವರ ಧ್ವನಿ ಸಣ್ಣದಾಯಿತು. ನನಗೂ ಏನೂ ಕೇಳಲು ಮನಸ್ಸಾಗಲಿಲ್ಲ.

ಗವಾನ್ ಅಧಿಕಾರದಲ್ಲಿದ್ದಾಗಲೇ ಬೀದರಿಗೆ ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ ಬಂದಿದ್ದ. ಅವನು ದೂತ ಅಲ್ಲ, ಬರೀ ವ್ಯಾಪಾರಿ. ದಾರಿಯಲ್ಲಿ ದೋಚಿಸಿಕೊಂಡು, ಹೋರ್ಮುಜ್ ದಾಟಿ ಒಂದು ಕುದುರೆ ಜೊತೆ ಚೌಲ್ ಬಂದರಿಗೆ ಇಳಿದ. ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆ ಕಿತ್ತುಕೊಂಡು ಮತ ಬದಲಿಸು ಅಂದ. ಒಬ್ಬ ಖುರಾಸಾನಿಯ ಮಾತಿನಿಂದ ಕುದುರೆ ವಾಪಸ್ ಸಿಕ್ಕಿತು. ಅದನ್ನು ಅವನು ಮಾರಿದ್ದು ಬೀದರಿನಲ್ಲಿ. ಇಲ್ಲಿನ ಹಿಂದೂಗಳಿಗೆ ತಾನು ಮುಸಲ್ಮಾನ ಅಲ್ಲ, ಕ್ರೈಸ್ತ ಅಂತ ಹೇಳಿದ ಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲವಂತೆ.

ಅವನು ಬರೆದುಕೊಂಡ ಟಿಪ್ಪಣಿ ಬಗ್ಗೆ ಕಾಕಾಗೆ ತುಂಬಾ ಗೌರವ. ನಮ್ಮ ದೇಶಕ್ಕೆ ಬೇಕಾದ ಸರಕು ಇಲ್ಲಿಲ್ಲ, ಮೆಣಸು ಮತ್ತು ಬಣ್ಣ ಅಗ್ಗ, ಆದರೆ ಸುಂಕ ಭಾರಿ, ಕಡಲಲ್ಲಿ ಕಳ್ಳರು ಜಾಸ್ತಿ ಅಂತ ಬರೆದ. ಹಳ್ಳಿಯವರು ಬಹಳ ಬಡವರು, ಸರದಾರರು ಬಹಳ ಶ್ರೀಮಂತರು ಅಂತಲೂ ಬರೆದ. ಇದು ವಾಣಿಜ್ಯ ವಿಭಾಗದ ವರದಿಯೇ ಅಂದರು ಕಾಕಾ. ಕಳಿಸಿದವರಿಗೆ ಇಷ್ಟ ಆಗಲಿ ಬಿಡಲಿ, ಕಂಡದ್ದು ಬರೆದ. ಅವನು ಊರು ಸೇರಲಿಲ್ಲ, ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ದಾರಿಯಲ್ಲೇ ತೀರಿಕೊಂಡ. ಟಿಪ್ಪಣಿ ಮಾತ್ರ ಊರು ಸೇರಿತು.

ರಾತ್ರಿ ಚೌಬಾರಾ ಹತ್ತಿರ ಚಹಾ ಕುಡಿಯುತ್ತಾ ಈ ಇಬ್ಬರ ಬಗ್ಗೆಯೇ ಮಾತಾಡಿದೆವು. ಇಬ್ಬರೂ ವ್ಯಾಪಾರಕ್ಕೆ ಬಂದವರು. ಗವಾನ್ ಇಲ್ಲಿಯವನೇ ಆದ, ನಿಕಿತಿನ್ ಊರಿನ ದಾರಿ ಹಿಡಿದ.

ಮೂರನೇ ದಿನ, ಬೀದರಿನಿಂದ ಆಳಂದ

ಬೆಳಿಗ್ಗೆ ಊರ ಹೊರಗೆ ಗೋರನಳ್ಳಿ ಕಡೆ ಗವಾನನ ಗೋರಿಗೆ ಹೋದೆವು. ಅಷ್ಟೂರಿನ ಸುಲ್ತಾನರ ಗುಮ್ಮಟಗಳ ದೊಡ್ಡಸ್ತಿಕೆ ಇಲ್ಲಿಲ್ಲ. ಕಾಕಾ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತರು. ಬಿದ್ರಿ ಕೆಲಸದವರ ಅಂಗಡಿಯಲ್ಲಿ ಒಂದು ಸಣ್ಣ ಡಬ್ಬಿ ಕೊಂಡರು. ಸತು, ತಾಮ್ರದ ಎರಕ, ಬೆಳ್ಳಿ ತಂತಿ, ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುವ ಕೆಲಸ. ವಿದೇಶದಲ್ಲಿದ್ದಾಗ ಯಾರಿಗಾದರೂ ಉಡುಗೊರೆ ಕೊಡಬೇಕಾದರೆ ಇದನ್ನೇ ಕೊಡುತ್ತಿದ್ದರಂತೆ.

ಅಲ್ಲಿಂದ ಕಾರು ಮಾಡಿಕೊಂಡು ಆಳಂದಕ್ಕೆ. ನಿಕಿತಿನ್ ಬರೆದ ಜಾತ್ರೆ ಇದೇ ಊರಿನದು ಅಂತ ಹೇಳುತ್ತಾರೆ. ವರ್ಷಕ್ಕೊಮ್ಮೆ, ಹತ್ತು ದಿನ, ಇಡೀ ದೇಶದ ವ್ಯಾಪಾರಿಗಳು, ಮಾರಾಟಕ್ಕೆ 20,000 ಕುದುರೆ ಬರುತ್ತವೆ ಅಂತ ಅವನ ಲೆಕ್ಕ. ಲಾಡ್ಲೆ ಮಶಾಯಕ್ ದರ್ಗಾ ಮುಂದೆ ನಿಂತು ಆ ಕುದುರೆಗಳನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಒಂದು ಟಂಟಂ, ಎರಡು ಬೈಕು, ಕಬ್ಬಿನ ಟ್ರ್ಯಾಕ್ಟರ್ ಹೋದವು.

ದಾರಿಯಲ್ಲಿ ಮೊಜಾಂಬಿಕ್ ರಾಜಕೀಯ ಕೇಳಿದೆ. 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ, 1977ರಿಂದ 1992ರವರೆಗೆ ಒಳಜಗಳದ ಯುದ್ಧ. ಅದು ಬ್ರಿಟಿಷರ ವಸಾಹತು ಆಗಿರಲಿಲ್ಲ, ಆದರೂ 1995ರಲ್ಲಿ ಕಾಮನ್‌ವೆಲ್ತ್ ಸೇರಿತು, ಅದಕ್ಕೇ ಅಲ್ಲಿ ನಮ್ಮ ಕಚೇರಿಗೆ ಹೈಕಮಿಷನ್ ಅಂತ ಹೆಸರು. 2016ರಲ್ಲಿ ಆ ಸರ್ಕಾರ ಮುಚ್ಚಿಟ್ಟಿದ್ದ ದೊಡ್ಡ ಸಾಲ ಹೊರಬಿತ್ತು. ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಹಣ ನಿಲ್ಲಿಸಿತು, ಅವರ ಮೆಟಿಕಾಲ್ ನಾಣ್ಯ ಕುಸಿಯಿತು. ಅದೇ ವರ್ಷ ತೊಗರಿ ಒಪ್ಪಂದ. ನಮಗೆ ಬೇಳೆ ಬೇಕಿತ್ತು, 2015ರಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು ನೆನಪಿದೆಯಲ್ಲ. ಅವರಿಗೆ ಡಾಲರ್ ಬೇಕಿತ್ತು. ಎರಡೂ ಕಡೆ ಅವಸರ ಇತ್ತು ಅಂದರು ಕಾಕಾ.

2019ರಲ್ಲಿ ಇಡಾಯ್ ಚಂಡಮಾರುತ ಬೈರಾ ಊರನ್ನು ಮುಳುಗಿಸಿದಾಗ ನಮ್ಮ ನೌಕಾಪಡೆಯ ಮೂರು ಹಡಗು ಎಲ್ಲರಿಗಿಂತ ಮೊದಲು ಮುಟ್ಟಿದವರಲ್ಲಿ ಇದ್ದವು. ಇದನ್ನು ಹೇಳುವಾಗ ಅವರಿಗೆ ನಿಜವಾದ ಹೆಮ್ಮೆ.

ನಾಲ್ಕನೇ ದಿನ, ಸುರಪುರ

ಜೇವರ್ಗಿ ದಾರಿ ಹಿಡಿದು ಭೀಮಾ ದಾಟಿದೆವು. ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ ನೋಡಿ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಊಟ ಮಾಡಿದೆವು. ಮುಂದೆ ಕೃಷ್ಣಾ ಕಾಲುವೆ ನೀರು. ತೊಗರಿ ಹೊಲ ಹೋಗಿ ಭತ್ತದ ಗದ್ದೆ ಬಂತು.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಬಂಗಲೆ. ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದು ವರ್ಷಕ್ಕೇ ಹಿಂದೂಸ್ತಾನಕ್ಕೆ ಬಂದು, ನಿಜಾಮನ ಸೈನ್ಯ ಸೇರಿದವನು. 1841ರಲ್ಲಿ ಕಂಪನಿ ಸರ್ಕಾರದ ಪೊಲಿಟಿಕಲ್ ಏಜೆಂಟ್ ಆಗಿ ಸುರಪುರಕ್ಕೆ ಬಂದ. ಆಗ ರಾಜ ವೆಂಕಟಪ್ಪ ನಾಯಕ ಸಣ್ಣ ಹುಡುಗ. ತಾಯಿ ಈಶ್ವರಮ್ಮ ರಾಣಿ ಗಟ್ಟಿ ಹೆಣ್ಣು. ಅಧಿಕಾರ ಯಾರ ಕೈಯಲ್ಲಿ ಅಂತ ಜಗಳ, ಖಜಾನೆ ಖಾಲಿ, ನಿಜಾಮನಿಗೆ ಕೊಡಬೇಕಾದ ಬಾಕಿ. ಟೇಲರ್ ಹನ್ನೆರಡು ವರ್ಷ ಇಲ್ಲಿದ್ದ. ಲೆಕ್ಕ ಸರಿಮಾಡಿದ, ಹುಡುಗನಿಗೆ ಓದು ಕಲಿಸಿದ. ಹುಡುಗ ಅವನನ್ನು ಅಪ್ಪಾ ಅಂತ ಕರೆಯುತ್ತಿದ್ದ. ಹತ್ತಿರದ ಹಳ್ಳಿಗಳಲ್ಲಿ ಅಲೆದು ರಾಜನ ಕೋಳೂರಿನ ಕಲ್ಲುಮನೆಗಳಂಥ ಆದಿಕಾಲದ ಸಮಾಧಿಗಳ ಬಗ್ಗೆಯೂ ಬರೆದ. 1853ರಲ್ಲಿ ರಾಜ್ಯವನ್ನು ರಾಜನ ಕೈಗೆ ಒಪ್ಪಿಸಿ ಹೋದ.

1857ರ ಗಾಳಿ ಇಲ್ಲಿಗೂ ಬಂತು. 1858ರ ಫೆಬ್ರುವರಿಯಲ್ಲಿ ಸುರಪುರದ ಮೇಲೆ ಕಂಪನಿ ಸೈನ್ಯ ಬಿತ್ತು. ರಾಜ ತಪ್ಪಿಸಿಕೊಂಡು ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದ. ಸೆರೆಯಲ್ಲಿದ್ದ ಅವನನ್ನು ನೋಡಲು ಟೇಲರ್ ಹೋದ. ಕಳ್ಳನ ಹಾಗೆ ನನ್ನನ್ನು ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಅಂತ ರಾಜ ಕೇಳಿಕೊಂಡ ಅಂತ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷ ಸೆರೆ ಅಂತಾಯಿತು. ಸಾಗಿಸುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಬಂಗಲೆಯ ಮುಂದೆ ನಿಂತರೆ ಕೆಳಗೆ ಇಡೀ ಊರು ಕಾಣುತ್ತದೆ. ನನಗೆ ಟೇಲರ್ ಬಗ್ಗೆ ಸಿಟ್ಟು ಬಂತು. ಕಾಕಾಗೆ ಬರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು.

"ಅವನು ಈ ಹುಡುಗನನ್ನ ನಿಜವಾಗಿಯೂ ಪ್ರೀತಿಸಿದ, ಅದರಲ್ಲಿ ಸುಳ್ಳಿಲ್ಲ. ಆದರೆ ಅವನ ಪತ್ರ ಹೋಗ್ತಿದ್ದದ್ದು ಹೈದರಾಬಾದಿನ ರೆಸಿಡೆಂಟ್‌ಗೆ, ಅಂದರೆ ಅಲ್ಲಿದ್ದ ಕಂಪನಿ ಪ್ರತಿನಿಧಿಗೆ. ಅನ್ನ ಅಲ್ಲಿಯದು. ಇವತ್ತು ರಾಯಭಾರ ಕೆಲಸದವರಿಗೆ ವಿಯೆನ್ನಾ ಒಪ್ಪಂದ ಇದೆ, 1961ರದ್ದು. ಇದ್ದ ದೇಶದ ಒಳಗಿನ ವಿಷಯದಲ್ಲಿ ಕೈಹಾಕಬಾರದು ಅಂತ ಅದರ 41ನೇ ವಿಧಿ ಹೇಳ್ತದೆ. ಟೇಲರ್ ಕೆಲಸವೇ ಕೈಹಾಕೋದಾಗಿತ್ತು. ನಾವು ಕೈಹಾಕಲಿಲ್ಲ. ಬರೀ ಮಾತು ಕೊಟ್ಟೆವು."

ಆಮೇಲೆ ಅವರು ನನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳಿದರು. ಮೊಜಾಂಬಿಕ್‌ನ ನಡುಭಾಗದಲ್ಲಿ ಜಾಂಬೇಜಿಯಾ ಅಂತ ಪ್ರಾಂತ್ಯ. ಅಲ್ಲಿ ಹೊಲಕ್ಕೆ ಮಶಾಂಬ ಅಂತಾರೆ, ತೊಗರಿಗೆ ಫೇಜಾಂವ್ ಬೋಯರ್. ಒಂದೆರಡು ಎಕರೆಯ ಸಣ್ಣ ರೈತರೇ ಜಾಸ್ತಿ. ಒಪ್ಪಂದದ ಸುದ್ದಿ ಕೇಳಿ, ಭಾರತ ಕೊಳ್ಳುತ್ತದೆ ಅಂತ ನಂಬಿ ಜನ ಹೆಚ್ಚು ಬಿತ್ತಿದರು. ಅಷ್ಟರಲ್ಲಿ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ತೊಗರಿ ಇಳುವರಿ 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿಗೆ ಏರಿತು. ಅಪ್ಪನ ಬೆಲೆ ಬಿದ್ದದ್ದಕ್ಕೆ ದೊಡ್ಡ ಕಾರಣ ಇದು, ಒಪ್ಪಂದದ 1 ಲಕ್ಷ ಟನ್ ಅದರ ಮುಂದೆ ಸಣ್ಣದು. ಇಲ್ಲಿನ ರೈತರ ಗೋಳು ನೋಡಿ 2017ರ ಆಗಸ್ಟ್‌ನಲ್ಲಿ ಸರ್ಕಾರ ಹೊರಗಿನ ತೊಗರಿಗೆ ವರ್ಷಕ್ಕೆ 2 ಲಕ್ಷ ಟನ್ ಅಂತ ಮಿತಿ ಹಾಕಿತು. ಒಪ್ಪಂದದ ಪಾಲು ತಪ್ಪಲಿಲ್ಲ, ಆದರೆ ಅದರಾಚೆ ಬೆಳೆದದ್ದಕ್ಕೆ ಗಿರಾಕಿ ಇಲ್ಲ. ಅಲ್ಲಿ ಬೆಲೆ ನೆಲಕ್ಕೆ ಬಿತ್ತು.

ಅದಾದ ಮೇಲೆ ಕಾಕಾ ಆ ಕಡೆ ಪ್ರವಾಸ ಹೋದಾಗ ಒಬ್ಬ ಹೆಂಗಸು ಗುಡಿಸಲ ಒಳಗೆ ಕರೆದು, ಮಾರಾಟವಾಗದ ಚೀಲಗಳನ್ನು ತೋರಿಸಿದಳಂತೆ. ಬಿತ್ತಿರಿ ಅಂದವರು ನೀವೇ ಅಲ್ವಾ ಅಂತ ಕೇಳಿದಳಂತೆ. ಬೈಯಲಿಲ್ಲ. ತಿಳಿದುಕೊಳ್ಳಲು ಕೇಳಿದಳು.

"ಅದೇ ವರ್ಷ ಅಣ್ಣ ಫೋನಿನಲ್ಲಿ ಕೇಳಿದ್ದೂ ಇದೇ. ಇಬ್ಬರಿಗೂ ಉತ್ತರ ಕೊಡ್ಲಿಲ್ಲ ನಾನು. ದೆಹಲಿಗೆ ಮಾತ್ರ ಬರೆದೆ. ಬಿತ್ತನೆಗೆ ಮೊದಲೇ ಎರಡೂ ಕಡೆ ರೈತರಿಗೆ ಲೆಕ್ಕ ಗೊತ್ತಾಗಬೇಕು, ನಡುದಾರಿಯಲ್ಲಿ ನಿಯಮ ಬದಲಾಗಬಾರದು ಅಂತ."

ಆ ಪತ್ರ ಏನಾಯಿತು ಅಂತ ನಾನು ಕೇಳಲಿಲ್ಲ. 2021ರಲ್ಲಿ ಮೊಜಾಂಬಿಕ್ ಒಪ್ಪಂದವನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. ಮಲಾವಿ, ಮ್ಯಾನ್ಮಾರ್ ಜೊತೆಗೂ ಅದೇ ವರ್ಷ ಐದು ವರ್ಷದ ಒಪ್ಪಂದ ಆಯಿತು. ಐದು ವರ್ಷ ಮೊದಲೇ ಗೊತ್ತಿದ್ದರೆ ಎಷ್ಟೋ ವಾಸಿ ಅಂತ ನನ್ನ ಅನಿಸಿಕೆ. ಆದರೆ ಆ ಲೆಕ್ಕ ನಮ್ಮ ಗಂಜ್‌ನಲ್ಲಿ ಕುಕ್ಕರಗಾಲಲ್ಲಿ ಕೂತವನಿಗೆ ಇವತ್ತಿಗೂ ಯಾರೂ ಹೇಳುವುದಿಲ್ಲ, ಇದು ನನಗೆ ಬಹಳ ಬೇಜಾರು.

ಐದನೇ ದಿನ, ನಮ್ಮ ಹೊಲ

ಸೇಡಂ ದಾಟಿ ಊರು ಮುಟ್ಟುವಾಗ ಹನ್ನೊಂದು ಗಂಟೆ. ಹೊಲದಲ್ಲಿ ರಾಶಿ ಮಷೀನ್ ಓಡುತ್ತಿತ್ತು. ಒಂದು ಕಡೆ ಕಾಳು, ಒಂದು ಕಡೆ ಹೊಟ್ಟು, ಬದುವಿನ ಮೇಲೆ ಕಟ್ಟಿಗೆ ಹೊರೆ. ಈ ಸಲ ನೆಟೆ ರೋಗಕ್ಕೆ ಮೂಲೆಯ ಎರಡು ಎಕರೆ ಒಣಗಿದೆ. ಉಳಿದದ್ದು ಚೆನ್ನಾಗಿದೆ.

"ಬಾರಪಾ ತಮ್ಮಾ," ಅಂದರು ಅಪ್ಪ. ಅಷ್ಟೇ. ಅವ್ವ ಬುತ್ತಿ ಬಿಚ್ಚಿದಳು. ಬೇವಿನ ಮರದ ಕೆಳಗೆ ಕೂತು ಊಟ ಮಾಡಿದೆವು. ಮಷೀನ್ ನಿಂತಾಗ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಹಾಗೇ ಉಳಿದಿತ್ತು.

ಊಟ ಆದ ಮೇಲೆ ಕಾಕಾ ಡೈರಿ ತೆಗೆಯಲಿಲ್ಲ. ಅಂಕಿ ಹೇಳಲಿಲ್ಲ. 25 ಲಕ್ಷ, 48 ಲಕ್ಷ ಏನೂ ಹೇಳಲಿಲ್ಲ. ಆ ಹೆಂಗಸಿನ ಮನೆಯ ಕಥೆ ಹೇಳಿದರು. ಗುಡಿಸಲು, ಚೀಲಗಳು, ಅವಳ ಪ್ರಶ್ನೆ. ಆಮೇಲೆ, "ಅಣ್ಣಾ, ನೀ ಫೋನಿನಾಗ ಅಂದಿದ್ದಿ ನೋಡು, ಅದು ನನ್ನ ಮನಸ್ಸಿನಾಗ ಅದ" ಅಂದರು.

ಅಪ್ಪ ಒಂದು ತೊಗರಿ ಕಡ್ಡಿ ಮುರಿದು ನೆಲ ಗೀರುತ್ತಿದ್ದರು. ಅವರು ತಲೆ ಎತ್ತಲು ಎಷ್ಟೋ ಹೊತ್ತು ಆಯಿತು.

"ಆ ಹೆಣ್ಣುಮಗಳಿಗಿ ಎಷ್ಟು ಎಕರೆ ಅದ?"

"ಎರಡೂ ಇಲ್ಲ."

"ಮಳಿ?"

"ನಮ್ಮಂಗೇ. ಒಮ್ಮೆ ಬರ್ತದ, ಒಮ್ಮೆ ಇಲ್ಲ. ಆದ್ರ ಅಲ್ಲಿ ರಾಶಿ ಆಗಸ್ಟ್, ಸೆಪ್ಟೆಂಬರ್‌ನಾಗ."

ಅಪ್ಪ ಲೆಕ್ಕ ಹಾಕಿದರು. ಅವರ ರಾಶಿ ನಮ್ಮ ತೊಗರಿ ಹೂವಿಗೆ ಬರೋಕೂ ಮೊದಲು ಮುಗಿಯುತ್ತದೆ. ಹಡಗು ತಡ ಮಾಡದೆ ಬಂದರೆ ನಮ್ಮ ರಾಶಿಗೆ ಮೊದಲೇ ಮಿಲ್ ಸೇರಿ ಖಾಲಿಯಾಗುತ್ತದೆ. ಇದನ್ನು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೆರಳು ಮಡಚಿ ತಿಂಗಳು ಎಣಿಸಿದ್ದನ್ನು ನಾನು ನೋಡಿದೆ. ಗಂಜ್‌ನಲ್ಲಿ ಅಡತಿ ಹಿರಿಯರು ಹೇಳಿದ್ದೂ ಅದೇ ತಿಂಗಳ ಮಾತು.

ಮಷೀನಿನವನು ಬಂದು ಶುರು ಮಾಡ್ಲೇನ್ರಿ ಅಂತ ಕೇಳಿದ. ಅಪ್ಪ ಟವೆಲ್ ಝಾಡಿಸಿ ಎದ್ದರು. ಎರಡು ಹೆಜ್ಜೆ ಹೋದವರು ಬದುವಿನ ಕಟ್ಟಿಗೆ ಹೊರೆ ಹತ್ತಿರ ನಿಂತು ತಿರುಗಿದರು.

"ಅಲ್ಲ ತಮ್ಮಾ, ಆಕಿ ತೊಗರಿ ಕಟ್ಟಿಗಿ ಏನ್ ಮಾಡ್ತಾಳ?"

"ಒಲಿಗಿ ಹಚ್ತಾಳ, ಅಣ್ಣಾ."

"ಹಾಂ," ಅಂದರು ಅಪ್ಪ. "ಚೊಲೋ ಉರಿತದ."

ಕಾಕಾ ಪ್ಯಾಂಟ್ ಮಡಚಿಕೊಂಡು ಎದ್ದರು. ಒಂದು ಹೊರೆ ಅಪ್ಪ ಹಿಡಿದರು, ಇನ್ನೊಂದು ಕಾಕಾ.